ಬಣ್ಣ ಹೋದ ಮೇಲೂ ಉಳಿಯುವ ಲೆಕ್ಕ

ಸಿಂಗಟಗೆರೆಯಲ್ಲಿ ಬೋಧನಾಭ್ಯಾಸಕ್ಕೆ ಹೋಗಿದ್ದಾಗ ಒಂಬತ್ತನೇ ತರಗತಿಯ ದ್ರವ್ಯದ ಕಣಗಳ ಪಾಠ ನನ್ನ ಪಾಲಿಗೆ ಬಂತು. ಎನ್‌ಸಿಇಆರ್‌ಟಿ ಪಠ್ಯದ ಚಟುವಟಿಕೆ ನಮಗೆಲ್ಲ ಪರಿಚಿತ. ಪೊಟ್ಯಾಸಿಯಂ ಪರ್ಮಾಂಗನೇಟ್‌ನ ಎರಡು ಮೂರು ಹರಳುಗಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಬೇಕು, ಅದರಲ್ಲಿ 10 ಮಿ.ಲೀ. ತೆಗೆದು 90 ಮಿ.ಲೀ. ನೀರಿಗೆ ಸೇರಿಸಬೇಕು, ಹೀಗೆ ಐದರಿಂದ ಎಂಟು ಸಲ. ಕಣಗಳು ಬಹಳ ಚಿಕ್ಕವು ಎಂಬುದಷ್ಟೇ ನನ್ನ ಪಾಠಯೋಜನೆಯ ಕಲಿಕಾಂಶವಾಗಿತ್ತು.

ಆರನೇ ಲೋಟ ತಿಳಿನೀರಿನಂತೆ ಕಂಡಾಗ ಒಬ್ಬ ಹುಡುಗಿ ಕೇಳಿದಳು: "ಮಿಸ್, ಬಣ್ಣ ಹೋಯ್ತು ಅಂದ್ರೆ ಅದೂ ಹೋಯ್ತಾ? ನಮ್ಮನೆ ಬೋರಿನ ನೀರೂ ಬರೋವಾಗ ತಿಳಿಯಾಗೇ ಇರುತ್ತೆ. ಬಕೆಟ್‌ನಲ್ಲಿ ಬಿಟ್ರೆ ಕೆಂಪಾಗುತ್ತೆ. ಅದನ್ನೇ ಕುಡೀತೀವಿ."

ವೀಕ್ಷಣೆಗೆ ಕುಳಿತವರ ಮುಂದೆ ಯೋಜನೆ ಬಿಟ್ಟು ಹೊರಳುವುದಕ್ಕೆ ಅಳುಕಿತ್ತು. ಆದರೂ ಕಪ್ಪು ಹಲಗೆಯ ಮೇಲೆ ಲೋಟಗಳ ಸಂಖ್ಯೆ ಬರೆಸಿ, ಪಕ್ಕದಲ್ಲಿ 10, 100, 1,000 ಎಂದು ಮಕ್ಕಳಿಂದಲೇ ತುಂಬಿಸಿದೆ. ಆರನೆಯದಕ್ಕೆ 10 ಲಕ್ಷ. ಪರ್ಮಾಂಗನೇಟ್‌ನಲ್ಲಿ ಮ್ಯಾಂಗನೀಸ್ ಎಂಬ ಲೋಹವಿದೆ. ಅದು ತೆಳುವಾಗಿದೆಯೇ ಹೊರತು ಇಲ್ಲವಾಗಿಲ್ಲ. ಬೋರಿನ ನೀರಿನಲ್ಲಿ ಕರಗಿದ ಕಬ್ಬಿಣವೂ ಹೀಗೆಯೇ ಕಾಣದೆ ಇದ್ದು, ಗಾಳಿಯ ಆಮ್ಲಜನಕ ತಗುಲಿದಾಗ ತುಕ್ಕಿನ ಬಣ್ಣಕ್ಕೆ ತಿರುಗಿ ತಳ ಸೇರುತ್ತದೆ.

ಪ್ರಯೋಗಾಲಯದವರೂ ಇದೇ ಲೋಟದ ಲೆಕ್ಕ ಮಾಡುತ್ತಾರೆ ಎಂದು ಮರುದಿನ ಹೇಳಿದೆ. ಪರಮಾಣು ಹೀರಿಕೆ ಉಪಕರಣದಲ್ಲಿ ಲೋಹ ಹೆಚ್ಚಿದಂತೆ ಬೆಳಕಿನ ಹೀರಿಕೆ ಒಂದು ಮಿತಿಯವರೆಗೆ ಮಾತ್ರ ಸರಳರೇಖೆಯಲ್ಲಿ ಏರುತ್ತದೆ. ಅದನ್ನು ಮೀರಿದ ಮಾದರಿಯನ್ನು ತೆಳುಗೊಳಿಸಿ ಅಳೆದು, ಬಂದ ಉತ್ತರವನ್ನು ಅಷ್ಟರಿಂದಲೇ ಗುಣಿಸಬೇಕು. ಉದಾಹರಣೆಗೆ, 1 ಗ್ರಾಂ ಮಣ್ಣನ್ನು ಆಮ್ಲದಲ್ಲಿ ಕಾಯಿಸಿ 100 ಮಿ.ಲೀ. ಮಾಡಿದೆವು, ಅದನ್ನು ಮತ್ತೆ 10 ಪಟ್ಟು ತೆಳುಗೊಳಿಸಿದೆವು, ಉಪಕರಣ ಲೀಟರಿಗೆ 3 ಮಿ.ಗ್ರಾಂ. ತೋರಿಸಿತು ಎನ್ನೋಣ. ಮೂಲ ದ್ರಾವಣದಲ್ಲಿ ಲೀಟರಿಗೆ 30 ಮಿ.ಗ್ರಾಂ.; ಅದರ 100 ಮಿ.ಲೀ.ಯಲ್ಲಿ 3 ಮಿ.ಗ್ರಾಂ.; ಅಂದರೆ ಮಣ್ಣಿನಲ್ಲಿ ಕಿಲೋಗೆ 3,000 ಮಿ.ಗ್ರಾಂ. ಹತ್ತರ ಗುಣಾಕಾರ ಬಿಟ್ಟರೆ 300 ಆಗಿ, ಕೆಟ್ಟ ಮಣ್ಣೂ ಒಳ್ಳೆಯದಾಗಿಬಿಡುತ್ತದೆ. ಅತಿಯಾಗಿ ತೆಳುಗೊಳಿಸಿದರೆ ಉಪಕರಣದ ಕಣ್ಣಿಗೂ ಕಾಣದು. "ಪತ್ತೆಯಾಗಿಲ್ಲ" ಎಂದರೆ "ಇಲ್ಲ" ಎಂದಲ್ಲ.

"ಹಾಗಾದ್ರೆ ಹೊಳೆಗೆ ಬಿಟ್ಟಿದ್ದೂ ಹೋಗಲ್ಲ ಅಲ್ವಾ ಮಿಸ್?" ಎಂದ ಹಿಂದಿನ ಬೆಂಚಿನ ಹುಡುಗ. ನಮ್ಮ ಜಿಲ್ಲೆಯ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತದ್ದು 2005ರ ಡಿಸೆಂಬರ್ 31ಕ್ಕೆ. ಆ ಸೀಮೆಯಲ್ಲಿ ಹುಟ್ಟುವ ಭದ್ರೆಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಇದೆ. ಹೊಳೆ ಹೂಳನ್ನು ತೆಳುವಾಗಿಸಿ ಹೊರುತ್ತದೆ, ನೀರು ನಿಂತಲ್ಲಿ ಅದು ತಳ ಸೇರುತ್ತದೆ ಎಂದು ಅವನಿಗೆ ನಕ್ಷೆಯಲ್ಲಿ ತೋರಿಸಿದೆ.

ಬೋರಿನ ನೀರಿನ ಹುಡುಗಿಗೆ "ಏನೂ ಆಗಲ್ಲ" ಎನ್ನುವುದಾಗಲಿ, ಹೆದರಿಸುವುದಾಗಲಿ ನನ್ನಿಂದಾಗದು. ಎರಡಕ್ಕೂ ಅಳತೆ ಬೇಕು. ನೀರನ್ನು ಪರೀಕ್ಷೆಗೆ ಕೊಡಲು ಮನೆಯವರು ಪಂಚಾಯಿತಿಯಲ್ಲಿ ಕೇಳಲಿ ಎಂದು ಅವಳ ಪುಸ್ತಕದಲ್ಲಿ ಬರೆದುಕೊಟ್ಟೆ.

ಈ ಚಟುವಟಿಕೆ ಮಾಡಿಸುವ ಸಹ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ಕೋರಿಕೆ: ಕೋಷ್ಟಕಕ್ಕೆ "ಎಷ್ಟರಿಂದ ಗುಣಿಸಬೇಕು?" ಎಂಬ ಕಂಬಸಾಲು ಸೇರಿಸಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೇ.