ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು

ಎಂಜಿನಿಯರುಗಳ ದಿನವಾದ ಸೆಪ್ಟೆಂಬರ್ 15 ಹತ್ತಿರ ಬಂತೆಂದರೆ ನನಗೆ ಆ ಎರಡು ಮೇಣದಬತ್ತಿಗಳ ಕಾಟ ಶುರು. ಸರ್ ಎಂ. ವಿಶ್ವೇಶ್ವರಯ್ಯ ಸರ್ಕಾರಿ ಕಾಗದ ನೋಡುವಾಗ ಸರ್ಕಾರದ ಬತ್ತಿ ಉರಿಸುತ್ತಿದ್ದರಂತೆ. ಕೆಲಸ ಮುಗಿದ ಕೂಡಲೇ ಅದನ್ನು ಆರಿಸಿ, ಸ್ವಂತ ದುಡ್ಡಿನದನ್ನು ಹಚ್ಚುತ್ತಿದ್ದರಂತೆ. ಭಾಷಣ ಮಾಡುವವರು ಎಂಜಿನಿಯರಾಗಿರಲಿ, ಎಮ್ಮೆಲ್ಲೆಯಾಗಿರಲಿ, ಕಥೆ ಇದೇ. ಕೇಳಿದವರು ಚಪ್ಪಾಳೆ ತಟ್ಟುತ್ತಾರೆ, ಹೇಳಿದವರು ಸರ್ಕಾರಿ ಕಾರು ಹತ್ತಿ ಮದುವೆ ಊಟಕ್ಕೆ ಹೋಗುತ್ತಾರೆ. ಖಡಕ್‌ವಾಸ್ಲಾ ಕಟ್ಟೆಗೆ ತಾನಾಗಿ ತೆರೆದುಕೊಳ್ಳುವ ಗೇಟು ಕೂರಿಸಿದ, 1908ರಲ್ಲಿ ಮೂಸಿ ಹೊಳೆ ನುಗ್ಗಿದ ಮೇಲೆ ಹೈದರಾಬಾದಿನವರಿಗೆ ಪ್ರವಾಹದ ಲೆಕ್ಕ ಹಾಕಿಕೊಟ್ಟ ಮನುಷ್ಯ ಕೊನೆಗೆ ಉಳಿದದ್ದು ಮೇಣದಲ್ಲಿ!

ಈಚೆಗೆ ಅಂಥದೇ ದಿನಗಳಲ್ಲಿ ಬೆಂಗಳೂರಿನ ಯುವಿಸಿಇ, ಅಂದರೆ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನ ಕಡೆ ಹೋಗಿದ್ದೆ. ಅವರು ದಿವಾನರಾಗಿದ್ದಾಗ 1917ರಲ್ಲಿ ಶುರುಮಾಡಿಸಿದ ಕಾಲೇಜು. ಬಸವನಗುಡಿಯಲ್ಲಿ 1946ಕ್ಕೆ ಬಿಎಂಎಸ್ ಬರುವತನಕ ಊರಿಗೆಲ್ಲ ಇದೊಂದೇ. ಮೊದಲು ಮೈಸೂರು ವಿಶ್ವವಿದ್ಯಾಲಯದ ಸೊಸೆ, 1964ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಸೊಸೆ; 2022ರಿಂದ ಬೇರೆ ಮನೆ ಹೂಡಿ ತಾನೇ ವಿಶ್ವವಿದ್ಯಾಲಯವಾಗಿದೆ. ಈಗ ಪರಂಪರೆ, ಮೌಲ್ಯ ಎಂಬ ಮಾತುಗಳು ಜೋರಾಗಿವೆ. ಆ ಮಾತು ಕಿವಿಗೆ ಬಿದ್ದರೆ ನನಗೆ ನೆನಪಾಗುವುದು ಮಾತ್ರ ಫಿಟ್ಟಿಂಗ್ ಶಾಪಿನ ನಮ್ಮ ಮೇಸ್ತ್ರಿ.

ಮೊದಲ ವರ್ಷ ಖಾಕಿ ಅಂಗಿ ತೊಟ್ಟು ಅಲ್ಲಿ ನಿಲ್ಲಬೇಕಿತ್ತು. ಕೈಗೊಂದು ಉಕ್ಕಿನ ತುಂಡು ಕೊಡುತ್ತಿದ್ದರು. ಅದನ್ನು ವೈಸಿಗೆ ಕಚ್ಚಿಸಿ ಒರಟು ಫೈಲಿನಲ್ಲಿ ಉಜ್ಜು, ಆಮೇಲೆ ನುಣುಪು ಫೈಲಿನಲ್ಲಿ ಉಜ್ಜು. ಅಂಗೈ ಬೊಬ್ಬೆ ಬಂದ ಮೇಲೆ ತುಂಡನ್ನು ಮೇಸ್ತ್ರಿಯ ಮುಂದೆ ಇಡಬೇಕು. ಅವರು ಕನ್ನಡಕವನ್ನು ಹಣೆಗೇರಿಸಿ, ಟ್ರೈಸ್ಕ್ವೇರನ್ನು ಅಂಚಿಗೆ ಒತ್ತಿ, ಕಿಟಕಿಯ ಕಡೆ ಎತ್ತಿ ಹಿಡಿಯುತ್ತಿದ್ದರು. ಉಕ್ಕಿಗೂ ಅಳತೆಗೂ ನಡುವೆ ಕೂದಲೆಳೆಯಷ್ಟು ಬೆಳಕು ತೂರಿದರೂ ಮುಗಿಯಿತು. "ಸೂರ್ಯ ಕಾಣ್ತಾವ್ನಲ್ಲ ಸಾಮಿ" ಅಂದು ತುಂಡನ್ನು ವಾಪಸು ಉರುಳಿಸುತ್ತಿದ್ದರು. ಪಿಯುಸಿ ರ‍್ಯಾಂಕು, ಅಪ್ಪನ ಹುದ್ದೆ ಯಾವುದೂ ಅವರ ಮುಂದೆ ನಡೆಯುತ್ತಿರಲಿಲ್ಲ.

ನಮ್ಮ ಬ್ಯಾಚಿನ ಒಬ್ಬ ದೊಡ್ಡ ಅಧಿಕಾರಿಯ ಮಗ ಕಲಾಸಿಪಾಳ್ಯದ ಯಾವುದೋ ವರ್ಕ್‌ಶಾಪಿನಲ್ಲಿ ದುಡ್ಡು ಕೊಟ್ಟು ಜಾಬ್ ಮಾಡಿಸಿಕೊಂಡು ಬಂದ. ಮೇಸ್ತ್ರಿ ಬೆಳಕಿಗೆ ಹಿಡಿದರು. ನಾಲ್ಕೂ ಅಂಚು ತಿರುಗಿಸಿದರು. ಒಂದು ಎಳೆ ಬೆಳಕಿಲ್ಲ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದೆವು. "ಇದು ಮಾಡ್ದೋನ್ನ ನಾಳೆ ಕರ್ಕೊಂಡ್ ಬಾಪ್ಪ, ಮಾರ್ಕ್ಸು ಅವನಿಗೆ ಕೊಡ್ತೀನಿ" ಅಂದರು.

ವಿಮಾನ ವಿಜ್ಞಾನಿ ರೊದ್ದಂ ನರಸಿಂಹ ಕೂಡ ಇಲ್ಲೇ ಮೆಕ್ಯಾನಿಕಲ್ ಓದಿದವರು, 1953ರಲ್ಲಿ ಪದವಿ. ತಂದೆ ಆರ್.ಎಲ್. ನರಸಿಂಹಯ್ಯ ಪಕ್ಕದ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು, ಆ ಕಾಲಕ್ಕೇ ಕನ್ನಡದಲ್ಲಿ ವಿಜ್ಞಾನ ಬರೆದವರು. ಮಗನಿಗೆ ಟಾಟಾ ಇನ್‌ಸ್ಟಿಟ್ಯೂಟಿನ (ಐಐಎಸ್‌ಸಿ) ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ವಿಮಾನ ನೋಡಿ ಹುಚ್ಚು ಹಿಡಿಯಿತು. ಖಾಯಂ ನೌಕರಿಯ ದಾರಿ ಬಿಟ್ಟು ಗಾಳಿಯ ಹಿಂದೆ ಹೋದರು. ಅವರೂ ಇಲ್ಲಿ ಫೈಲು ಉಜ್ಜಿದವರೇ ಇರಬೇಕು.

ಇನ್ನು ಸರ್ಕಲ್ಲಿನ ಅದೇ ಮಗ್ಗುಲಿಗೆ ಎಸ್‌ಜೆ ಪಾಲಿಟೆಕ್ನಿಕ್. ಕೈಕೆಲಸ ಕಲಿಸುವ ಆ ಶಾಲೆ ವಿಶ್ವೇಶ್ವರಯ್ಯ ಭದ್ರಾವತಿ ಕಾರ್ಖಾನೆಯ ಕೆಲಸಕ್ಕೆ ಬರಬೇಕಿದ್ದ ಸಂಬಳವನ್ನು ಬಿಟ್ಟುಕೊಟ್ಟಿದ್ದರಿಂದ ಆಗಿದ್ದು. ತಮ್ಮ ಹೆಸರು ಬೇಡವೆಂದು ಮಹಾರಾಜ ಜಯಚಾಮರಾಜೇಂದ್ರರ ಹೆಸರು ಇಡಿಸಿದರು ಎಂಬ ಮಾತಿದೆ. ಬತ್ತಿಯ ಕಥೆಗಿಂತ ಇದು ವಾಸಿ. ಆದರೆ ಸ್ವಂತ ದುಡ್ಡು ಕಳೆದುಕೊಳ್ಳುವ ಕಥೆಯಾದ್ದರಿಂದಲೋ ಏನೋ, ವೇದಿಕೆಗೆ ಹತ್ತುವುದಿಲ್ಲ.

ನನ್ನ ತಕರಾರು ಇನ್ನೊಂದಿದೆ. ಅವರು ಸಿವಿಲ್ ಎಂಜಿನಿಯರ್. ಅವರ ಹೆಸರಿನ ಕಾಲೇಜಿನ ಸಿವಿಲ್ ವಿಭಾಗ ಮಾತ್ರ ಇಲ್ಲಿಲ್ಲ, ದೂರದ ಜ್ಞಾನಭಾರತಿಯಲ್ಲಿದೆ. ಇಲ್ಲೇ ಇದ್ದಿದ್ದರೆ ಹುಡುಗರಿಗೆ ಪಾಠಕ್ಕೆ ಬೇಕಾದ್ದೆಲ್ಲ ಗೇಟಿನ ಹೊರಗೇ ಸಿಗುತ್ತಿತ್ತು. ಕೂಗಳತೆಯಲ್ಲಿರುವ ಅಂಡರ್‌ಪಾಸಿನಲ್ಲಿ 2023ರ ಮೇ ತಿಂಗಳ ಒಂದು ಮಧ್ಯಾಹ್ನದ ಮಳೆಗೆ ನೀರು ತುಂಬಿ, ಕಾರಿನಲ್ಲಿ ಸಿಕ್ಕಿಬಿದ್ದ ಯುವತಿಯೊಬ್ಬಳು ಪ್ರಾಣ ಬಿಟ್ಟಳು. ಇಷ್ಟು ಮಳೆ ಬಿದ್ದರೆ ಇಷ್ಟು ನೀರು, ಅದು ಹರಿದುಹೋಗಲು ಇಷ್ಟು ಅಗಲದ ಮೋರಿ: ಮೂರನೇ ವರ್ಷದ ಹುಡುಗ ಹಾಕುವ ಲೆಕ್ಕ. ಆ ಮೋರಿಯನ್ನು ಬೆಳಕಿಗೆ ಹಿಡಿದು ನೋಡಿದವರು ಯಾರೂ ಇರಲಿಲ್ಲವೆ?

ಆ ವರ್ಷದ ಎಂಜಿನಿಯರುಗಳ ದಿನ ನಾನು ಹೋಗಿದ್ದ ಸಭೆಯಲ್ಲಿ ಈ ಮಾತು ಯಾರೂ ಎತ್ತಲಿಲ್ಲ. ನಾಲ್ಕು ಭಾಷಣವಾದ ಮೇಲೆ ಗಣ್ಯರಿಗೆಲ್ಲ ಮೈಸೂರು ಪೇಟ ತೊಡಿಸಿದರು. ಮುಖ್ಯ ಅತಿಥಿಗಳದು ಅಳತೆ ತಪ್ಪಿ ಹುಬ್ಬು ದಾಟಿ ಇಳಿದಿತ್ತು. ಫೋಟೋ ಮುಗಿಯುವವರೆಗೂ ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಿಂತಿದ್ದರು.