ಕಟ್ಟಿಸಿದ ಹಾಳು

ಊರಿನಿಂದ ದೆಹಲಿಗೆ ಯಾರೇ ಬರಲಿ, ನಾವು ಅವರನ್ನು ಮೆಹ್ರೌಲಿಯ ಪುರಾತತ್ವ ಉದ್ಯಾನಕ್ಕೆ ಕರೆದೊಯ್ಯುವುದು ವಾಡಿಕೆ. ಕುತುಬ್ ಮಿನಾರಿನ ಜನಜಂಗುಳಿಯಿಂದ ಈಚೆ ಬಂದರೆ ಬಲ್ಬನನ ಗೋರಿ, ಜಮಾಲಿ ಕಮಾಲಿಯ ಮಸೀದಿ, ಮೆಟ್ಟಿಲುಬಾವಿ. ಇವುಗಳ ನಡುವೆ ದಿಬ್ಬವೊಂದರ ಮೇಲೆ ಕಲ್ಲಿನ ಛತ್ರಿಯೊಂದು ನಿಂತಿದೆ. ಮೊದಲ ಸಲ ಕಂಡಾಗ ಯಾವನೋ ಲೋದಿ ಸರದಾರನ ಸಮಾಧಿಯೆಂದು ಭಾವಿಸಿ ನಾವಿಬ್ಬರೂ ದನಿ ತಗ್ಗಿಸಿ ಸುತ್ತುಹಾಕಿದೆವು. ಅಲ್ಲಿ ಯಾರೂ ಮಲಗಿಲ್ಲ. ಮೊಗಲ್ ದರ್ಬಾರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ಥಾಮಸ್ ಮೆಟ್ಕಾಫ್ 1840ರ ದಶಕದಲ್ಲಿ ತನ್ನ ತೋಟದ ನೋಟ ತುಂಬಲೆಂದು ಅದನ್ನು ಕಟ್ಟಿಸಿದ. ಸಮೀಪದಲ್ಲಿಯೇ ಇದ್ದ ಕುಲಿ ಖಾನನ ಗೋರಿಯನ್ನು ವಿಹಾರದ ಮನೆಯಾಗಿ ಮಾರ್ಪಡಿಸಿಕೊಂಡು ಅದಕ್ಕೆ ದಿಲ್‌ಖುಷಾ ಎಂದು ಹೆಸರಿಟ್ಟಿದ್ದವನೂ ಅವನೇ. ಸುತ್ತಲೂ ನಿಜವಾದ ಹಾಳು ಅಷ್ಟೊಂದು ಬಿದ್ದಿದ್ದರೂ ಅವನಿಗೆ ಸಾಲಲಿಲ್ಲ.

ಇಂಥ ಕಟ್ಟಡಕ್ಕೆ ಇಂಗ್ಲಿಷಿನಲ್ಲಿ ಫಾಲಿ ಎನ್ನುತ್ತಾರೆ. ಮೂರ್ಖತನ ಎಂಬ ಅರ್ಥವೂ ಅದಕ್ಕುಂಟು. ಎಂ.ಎ. ತರಗತಿಯಲ್ಲಿ ಹದಿನೆಂಟನೆಯ ಶತಮಾನದ ಉದ್ಯಾನಗಳ ಪಾಠ ಕೇಳುವಾಗ ನಾವು ಇದನ್ನು ಸಿರಿವಂತರ ಹುಚ್ಚೆಂದು ನಕ್ಕು ಬಿಟ್ಟಿದ್ದೆವು. ಸ್ಯಾಂಡರ್ಸನ್ ಮಿಲ್ಲರ್ ಎಂಬಾತ ಹ್ಯಾಗ್ಲಿಯಲ್ಲಿ ಹೊಚ್ಚಹೊಸ ಕೋಟೆಯನ್ನು ಮುರಿದ ಸ್ಥಿತಿಯಲ್ಲಿಯೇ ಕಟ್ಟಿದ. ಪ್ರಷ್ಯದ ಫ್ರೆಡರಿಕ್ ಪಾಟ್ಸ್‌ಡಾಮಿನಲ್ಲಿ ಕಾರಂಜಿಗಳ ನೀರಿನ ತೊಟ್ಟಿಯ ಸುತ್ತ ರೋಮನ್ ಅವಶೇಷಗಳನ್ನು ಹೊಸದಾಗಿ ಎಬ್ಬಿಸಿದ. ಗಾರೆಯವನಿಗೆ ಇಷ್ಟು ಎತ್ತರದಲ್ಲಿ ನಿಲ್ಲಿಸು, ಇಲ್ಲಿ ಬಿರುಕಿರಲಿ ಎಂದು ಹೇಳುವ ಯಜಮಾನನನ್ನು ಊಹಿಸಿಕೊಳ್ಳಿ! ಕನ್ನಡದಲ್ಲಿ ಈ ಮಾತು ನಾಲಿಗೆಗೇ ಒಗ್ಗುವುದಿಲ್ಲ. ನಮ್ಮಲ್ಲಿ ಹಾಳು ಎಂಬುದು ಶಾಪ. ಹಾಳಾಗಿ ಹೋಗು ಎಂದು ಬೈಯುತ್ತೇವೆ. ಹಾಳೂರಿಗೆ ಉಳಿದವನೇ ಗೌಡ ಎಂದು ಅಣಕಿಸುತ್ತೇವೆ. ವಂಶದ ಬಾಗಿಲು ಮುಚ್ಚಿಸಿದವನನ್ನು ಮನೆಹಾಳ ಎನ್ನುತ್ತೇವೆ. ಹಾಳನ್ನು ಕಟ್ಟಿಸುವುದೆಂದರೇನು?

ಆದರೆ ನಮ್ಮನ್ನು ಕಾಡಿದ್ದು ಇವುಗಳಲ್ಲ, ವಿಂಡ್ಸರಿನ ಉದ್ಯಾನದಲ್ಲಿ ವರ್ಜೀನಿಯಾ ವಾಟರ್ ಕೆರೆಯ ದಂಡೆಯಲ್ಲಿರುವ ಕಂಬಗಳು. ಅವು ಹುಸಿ ಕಲ್ಲುಗಳಲ್ಲ. ಲಿಬಿಯಾದ ಕಡಲತೀರದ ಲೆಪ್ಟಿಸ್ ಮ್ಯಾಗ್ನಾ ಎಂಬ ರೋಮನ್ ನಗರದವು. ಹಡಗಿನಲ್ಲಿ ಇಂಗ್ಲೆಂಡಿಗೆ ಬಂದು, ಬ್ರಿಟಿಷ್ ಮ್ಯೂಸಿಯಂನ ಅಂಗಳದಲ್ಲಿ ಕೆಲವು ವರ್ಷ ಅನಾಥವಾಗಿ ಬಿದ್ದಿದ್ದು, 1820ರ ದಶಕದಲ್ಲಿ ನಾಲ್ಕನೆಯ ಜಾರ್ಜ್ ದೊರೆಗಾಗಿ ಜೆಫ್ರಿ ವ್ಯಾಟ್‌ವಿಲ್‌ನ ಕೈಯಲ್ಲಿ ಪಾಳು ದೇಗುಲವಾಗಿ ಜೋಡಣೆಗೊಂಡವು. ಕಲ್ಲು ನಿಜ, ಹಾಳು ಮಾತ್ರ ಹುಸಿ. ನಗರವನ್ನು ಕಳೆದುಕೊಂಡವರು ಆ ನೋಟದಲ್ಲಿ ಎಲ್ಲಿಯೂ ಇಲ್ಲ. ಕಳೆದುಕೊಂಡವರನ್ನು ಕಣ್ಣಿನಿಂದ ದೂರವಿಟ್ಟಾಗ ಮಾತ್ರ ಹಾಳು ಸೊಗಸಾಗಿ ಕಾಣುತ್ತದೆಯೋ ಏನೋ. ಮೆಟ್ಕಾಫನೇ ನಗರದ ಉತ್ತರಕ್ಕೆ, ಯಮುನೆಯ ದಂಡೆಯಲ್ಲಿ ವೈಭವದ ಬಂಗಲೆ ಕಟ್ಟಿಸಿದ್ದ. 1853ರಲ್ಲಿ ಆತ ತೀರಿಕೊಂಡ. 1857ರಲ್ಲಿ ಅದು ಲೂಟಿಯಾಗಿ ಸುಟ್ಟುಹೋಯಿತು. ಆ ಹಾಳಿನ ಮುಂದೆ ಕುಳಿತು ಸಂಜೆಯ ಸೊಗಸು ಸವಿಯುವ ಮನಸ್ಸು ಅವನ ಮಕ್ಕಳಿಗೆ ಬಂದಿರಲಾರದು.

ಇಷ್ಟೆಲ್ಲ ಹೇಳುವ ನಮ್ಮ ಮನೆಯ ಹಜಾರದಲ್ಲಿಯೂ ಒಂದು ಕಂಬವಿದೆ. ಸಾಗರದ ಹತ್ತಿರದ ನಮ್ಮ ತೊಟ್ಟಿಮನೆಯದು. ಹಲಸಿನ ಮರ, ತುದಿಯಲ್ಲಿ ತಾವರೆಯ ಕೆತ್ತನೆ. ಅಣ್ಣತಮ್ಮಂದಿರೆಲ್ಲ ಹಂಚಿಹೋದ ಮೇಲೆ ಮನೆಯನ್ನು ಮಾರಲು ಮೊದಲು ಒಪ್ಪಿದವರು ನಾವೇ. ದ್ವಾರಕಾದ ಈ ಫ್ಲ್ಯಾಟಿನ ಮುಂಗಡಕ್ಕೆ ಆ ಪಾಲಿನ ಹಣ ಬೇಕಿತ್ತು. ಕೊಂಡವರು ಮನೆ ಕೆಡವಿದಾಗ ಈ ಒಂದು ಕಂಬವನ್ನು ಕೇಳಿ ಪಡೆದು ಲಾರಿಯಲ್ಲಿ ತರಿಸಿದೆವು. ಬಡಗಿಯನ್ನು ಕರೆಸಿ ಮೆರುಗು ಕೊಡಿಸಿದೆವು; ಗೆದ್ದಲು ತಿಂದ ಬುಡವನ್ನು ಕೊಯ್ಯಿಸಿದೆವು; ಆದರೆ ಮೇಲಿನ ಸೀಳನ್ನು ಮುಚ್ಚಬಾರದೆಂದು ವಿಶೇಷವಾಗಿ ಹೇಳಿದೆವು, ಹಳೆಯದು ಎಂದು ತಿಳಿಯಲಿ ಎಂದು. ಹ್ಯಾಗ್ಲಿಯ ಯಜಮಾನನನ್ನು ನೋಡಿ ನಗುವ ಹಕ್ಕು ನಮಗೆ ಅಂದೇ ಹೋಯಿತು. ಸಂಘದ ಗೆಳೆಯರು ಬಂದಾಗ ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ನಾವು ಊರಿನ ಮಳೆಯ ಕಥೆ ಹೇಳುತ್ತೇವೆ.

ಕಳೆದ ಚಳಿಗಾಲದಲ್ಲಿ ಅಮ್ಮ ಬಂದಿದ್ದರು. ಆ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷ ಬಾಳಿದವರು. ಎರಡು ದಿನ ಕಂಬದ ಮಾತೇ ಎತ್ತಲಿಲ್ಲ. ನಾವೂ ಕೇಳಲಿಲ್ಲ, ಧೈರ್ಯವಾಗಲಿಲ್ಲವೆಂಬುದೇ ನಿಜ. ಮೂರನೆಯ ದಿನ ಮಧ್ಯಾಹ್ನ ಅದರ ಎದುರು ನಿಂತು ಮೇಲಕ್ಕೆ, ಸೂರಿಗೆ ಒಂದು ಗೇಣು ಕೆಳಗೆ ಮುಗಿದುಹೋಗಿದ್ದ ತುದಿಯನ್ನು ದಿಟ್ಟಿಸಿದರು.

"ಇದು ಏನನ್ನೂ ಹೊತ್ತಿಲ್ಲವಲ್ಲ" ಎಂದರು.

ಆಮೇಲೆ ಎದೆಮಟ್ಟದಲ್ಲಿ ಬೆರಳಾಡಿಸುತ್ತ ಏನನ್ನೋ ಹುಡುಕಿದರು. ಅಜ್ಜ ಪಂಚಾಂಗ ತೂಗುಹಾಕಲು ಹೊಡೆದಿದ್ದ ಮೊಳೆಯನ್ನು. ಅಂದವಾಗಿ ಕಾಣದೆಂದು ಅದನ್ನು ಕೀಳಿಸಿ, ತೂತಿಗೆ ಮೇಣ ತುಂಬಿಸಿದವರು ನಾವೇ ಎಂದು ಅವರಿಗೆ ಇನ್ನೂ ಹೇಳಿಲ್ಲ.