ಗಾದಿಯ ಅಂಗಡಿ, ಫೋನಿನ ಅಂಗಡಿ

ಇಳಕಲ್ಲಿನ ನಮ್ಮ ಮಾವನ ಜವಳಿ ಅಂಗಡಿಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಗಾದಿಯ ಮೇಲೆ ಕೂರಬೇಕು. "ಕುಂದ್ರಿ ಅಕ್ಕಾರ, ನೋಡಾಕ ರೊಕ್ಕ ಬೇಕಾಗಿಲ್ಲ" ಎನ್ನುತ್ತ ಅವರು ಒಂದರ ಮೇಲೊಂದು ಸೀರೆ ಬಿಚ್ಚಿ ಹಾಸುತ್ತಾರೆ. ಅದೇ ಹೊತ್ತಿಗೆ ಮಹಡಿಯ ಮೇಲೆ ಅವರ ಸೊಸೆ ಕಿಟಕಿಯ ಬೆಳಕಿನಲ್ಲಿ ಸೀರೆಯ ಫೋಟೊ ತೆಗೆದು ಫೋನಿನಲ್ಲಿ ಹಾಕುತ್ತಿರುತ್ತಾಳೆ. ಸರಕು ಒಂದೇ ಮಗ್ಗದ್ದು. ಆದರೂ ಇವೆರಡೂ ಒಂದೇ ವ್ಯಾಪಾರ ಎಂದು ನನಗೆ ಅನ್ನಿಸುವುದಿಲ್ಲ.

ಇಳಕಲ್ ಸೀರೆಯ ಜೀವ ಇರುವುದು ಒಡಲೂ ಸೆರಗೂ ಕೂಡುವಲ್ಲಿ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಹಾಸು ಹತ್ತಿಯದು, ಸೆರಗಿನದು ರೇಷ್ಮೆಯದು. ಎರಡನ್ನೂ ಬೇರೆ ಬೇರೆ ಸಿದ್ಧಮಾಡಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗಾಗಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿಯೇ ಹೂಡಬೇಕು. ಗಾದಿಯ ಮೇಲೆ ಕೂತ ಹೆಣ್ಣುಮಗಳು ಆ ಕೊಂಡಿಯ ಮೇಲೆ ಬೆರಳಾಡಿಸುತ್ತಾಳೆ, ಸೆರಗು ಮಗುಚಿ ನೋಡುತ್ತಾಳೆ. ಕೈಮಗ್ಗದ್ದೋ ಪವರ್‌ಲೂಮಿನದೋ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಫೋನಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ದಾಳಿಂಬೆ ಕೆಂಪು ಒಬ್ಬರ ಪರದೆಯಲ್ಲಿ ಇಟ್ಟಿಗೆ ಬಣ್ಣವಾದರೆ ಇನ್ನೊಬ್ಬರದರಲ್ಲಿ ರಾಣಿ ಬಣ್ಣ. ಪಾರ್ಸೆಲ್ ಬಿಚ್ಚಿದ ಮೇಲೆ "ಫೋಟೊದಾಗ ಹಿಂಗ ಇರಲಿಲ್ಲ" ಎಂಬ ಮೆಸೇಜು ಬರುತ್ತದೆ.

ಕಾಣದ ಸರಕಿಗೆ ಮೊದಲೇ ದುಡ್ಡು ಕೊಡಲು ನಮ್ಮ ಜನ ಹಿಂಜರಿದದ್ದು ಸಹಜವೇ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುತ್ತ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ ಕ್ಯಾಷ್ ಆನ್ ಡೆಲಿವರಿ ತಂದದ್ದು ಈ ಹಿಂಜರಿಕೆ ನೀಗಲೆಂದೇ. ಕೊಳ್ಳುವವರ ಭಯ ಹೋಯಿತು. ಸಣ್ಣ ಮಾರಾಟಗಾರರಿಗೆ ಹೊಸ ಭಯ ಬಂತು. ಬಾಗಿಲಿಗೆ ಬಂದ ಪಾರ್ಸೆಲ್ ಬೇಡವೆಂದರೆ ಎಷ್ಟೋ ಸಲ ಹೋಗಿಬರುವ ಎರಡೂ ಖರ್ಚು ಮಾರಿದವರ ತಲೆಗೇ.

ಉದ್ರಿಯ ಮಾತಂತೂ ಬೇರೆಯೇ. ಲಗ್ನದ ಬಸ್ತಾ ಎಂದರೆ ಇಡೀ ಮನೆಗೆ, ಬೀಗರಿಗೆ, ಸೋದರತ್ತೆಗೆ, ಎಲ್ಲರಿಗೂ ಒಮ್ಮೆಗೇ ತೆಗೆಯುವ ಬಟ್ಟೆ. ರೈತನ ಕೈಯಲ್ಲಿ ಅಷ್ಟು ದುಡ್ಡು ಇರುವುದು ಸುಗ್ಗಿಯ ನಂತರ. ಮಾವ ವಹಿಯಲ್ಲಿ ಬರೆದುಕೊಂಡು ಗಂಟು ಕಟ್ಟಿ ಕಳಿಸುತ್ತಾರೆ. ಮಳೆ ಕೈಕೊಟ್ಟ ವರ್ಷ ಆ ಲೆಕ್ಕ ಮುಂದಿನ ಪುಟಕ್ಕೆ ಹೋಗುತ್ತದೆ. ಫೋನಿನಲ್ಲೂ ಈಗ ಕಂತು ಸಿಗುತ್ತದೆ, ಆದರೆ ಆ ಕಂತಿಗೆ ಮಳೆಯ ಸುದ್ದಿ ಗೊತ್ತಿಲ್ಲ. ಮಾವನಿಗೆ ಗೊತ್ತು, ಯಾರ ಹೊಲದಲ್ಲಿ ಜೋಳ ಎಷ್ಟೆತ್ತರ ಬಂದಿದೆ ಎಂಬುದೂ ಗೊತ್ತು.

ಆನ್‌ಲೈನಿಗೆ ಬಾಡಿಗೆಯಿಲ್ಲ ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಮಿಷನ್, ಜಾಹೀರಾತು, ಪ್ಯಾಕಿಂಗ್, ಕೊರಿಯರ್ ಎಲ್ಲವೂ ಬಾಡಿಗೆಯೇ. ಅಂಗಡಿಯ ಮಾಲೀಕ ಖಾಲಿ ಮಾಡು ಎಂದರೆ ಮನೆಗೆ ಹೋಗಿ ನಾಲ್ಕು ಮಾತಾಡಬಹುದು. ಖಾತೆ ಸ್ಥಗಿತವಾದರೆ ಉತ್ತರ ಕೊಡುವುದು ಯಂತ್ರ. ಸರ್ಕಾರದ ನಿಯಮವೂ ಬಹಳ ದಿನ ಆನ್‌ಲೈನಿನವರಿಗೇ ಬಿಗಿಯಾಗಿತ್ತು. ವರ್ಷಕ್ಕೆ 40 ಲಕ್ಷದೊಳಗಿನ ವಹಿವಾಟಿರುವ ಊರಿನ ಅಂಗಡಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಸರಕು ಮಾರುವ ಸಣ್ಣವರಿಗೆ ಅಂಥದೇ ರಿಯಾಯಿತಿ ಸಿಕ್ಕಿದ್ದು 2023ರ ಅಕ್ಟೋಬರಿನಲ್ಲಿ, ಅದೂ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ.

ಇಷ್ಟಾದರೂ ಸೊಸೆಯ ವ್ಯಾಪಾರದ ಬಗ್ಗೆ ನನಗೆ ಅಭಿಮಾನವಿದೆ. ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ಅವಕಾಶ ಆ ಮನೆಯ ಹೆಣ್ಣುಮಕ್ಕಳಿಗೆ ಎಂದೂ ಸಿಕ್ಕಿರಲಿಲ್ಲ. ಈಗ ಪುಣೆಯ ಅಜ್ಜಿಯೊಬ್ಬರು ಒಂಬತ್ತು ಗಜದ ಸೀರೆಗೆ ಅವಳನ್ನೇ ಕೇಳುತ್ತಾರೆ. ಕೊಂಡಿಯ ಜಾಗವನ್ನು ಹತ್ತಿರದಿಂದ, ಹಿಂದುಮುಂದು ಎರಡೂ ಕಡೆ ವಿಡಿಯೊ ಮಾಡಿ ಕಳಿಸದೆ ಅವಳು ದುಡ್ಡು ತೆಗೆದುಕೊಳ್ಳುವುದಿಲ್ಲ. ಮಾವ ಸೀರೆ ಬಿಚ್ಚಿ ಹಾಸುವುದೂ ಇದಕ್ಕಾಗಿಯೇ ಅಲ್ಲವೇ?

ಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಫೋನಿನಲ್ಲಿ ಕೊಳ್ಳುವುದಾದರೆ ಕೊಂಡಿಯ ವಿಡಿಯೊ ಕೇಳಿ ಪಡೆಯಿರಿ, ಬೇಡವಾದರೆ ಪಾರ್ಸೆಲ್ ಹೊರಡುವ ಮೊದಲೇ ಹೇಳಿ. ಅಂಗಡಿಗೆ ಹೋಗಿ ಇಪ್ಪತ್ತು ಸೀರೆ ಬಿಚ್ಚಿಸಿ, ಫೋಟೊ ಹೊಡೆದುಕೊಂಡು, ನೂರು ರೂಪಾಯಿ ಕಡಿಮೆಗೆ ಫೋನಿನಲ್ಲಿ ಹುಡುಕಬೇಡಿ. ಆ ಇಪ್ಪತ್ತನ್ನೂ ಮತ್ತೆ ಮಡಿಕೆ ತಪ್ಪದಂತೆ ಮಡಿಸಿಡಲು ಮಾವನಿಗೆ ಅರ್ಧ ಗಂಟೆ ಬೇಕು.